ರತ್ನಾಕರವರ್ಣಿ ಮತ್ತು ನನ್ನ ಕೆಂಪು ಶಾಯಿ

ಅಧ್ಯಾಪಕನಾಗಿ ದುಡಿದ ವರ್ಷಗಳಲ್ಲಿ ನಾನು ತಿದ್ದಿದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವು ಮನಸ್ಸಿನಿಂದ ಮಾಸಿಹೋಗಿವೆ. ಒಂದು ಉತ್ತರ ಮಾತ್ರ ನಾಲ್ಕು ದಶಕಗಳು ಕಳೆದರೂ ಹಾಗೆಯೇ ಉಳಿದಿದೆ. ಇಂದು ನಾನು ಬರೆಯಹೊರಟಿರುವುದು ಮೂಡುಬಿದಿರೆಯ ಕವಿ ರತ್ನಾಕರವರ್ಣಿಯ ವಿಚಾರವನ್ನು. ಆದರೂ ಆ ಉತ್ತರದಿಂದಲೇ ಆರಂಭಿಸದೆ ನಿರ್ವಾಹವಿಲ್ಲ.

1978ನೆಯ ಇಸವಿ ಇರಬೇಕು. ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ಪಂಪನ ಆದಿಪುರಾಣದ ಭರತ-ಬಾಹುಬಲಿ ಪ್ರಸಂಗವನ್ನು ಬಹಳ ಹುರುಪಿನಿಂದ ಪಾಠ ಮಾಡಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ಬಾಹುಬಲಿಯು ರಾಜ್ಯವನ್ನು ತ್ಯಜಿಸಲು ಕಾರಣವೇನು?' ಎಂಬ ಪ್ರಶ್ನೆಯನ್ನು 4 ಅಂಕಗಳಿಗೆ ಕೊಟ್ಟಿದ್ದೆ. ಎಲ್ಲರೂ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಸಾಲಾಗಿ ಬರೆದಿದ್ದರು. ವೇಣೂರು ಕಡೆಯಿಂದ ನಡೆದು ಬರುತ್ತಿದ್ದ ಒಬ್ಬಳು ಹುಡುಗಿ ಮಾತ್ರ ಬೇರೆಯೇ ಬರೆದಿದ್ದಳು. ಅಣ್ಣತಮ್ಮಂದಿರು ಯುದ್ಧಕ್ಕೆ ಬಂದು ನಿಂತದ್ದು ನಿಜ, ಆದರೆ ಯುದ್ಧ ನಡೆಯಲಿಲ್ಲ, ಅಣ್ಣನು ಪ್ರೀತಿಯಿಂದ ಮಾತನಾಡಿದ್ದರಿಂದ ತಮ್ಮನಿಗೆ ನಾಚಿಕೆಯಾಗಿ ತಪಸ್ಸಿಗೆ ಹೊರಟುಹೋದನು, ಎಂದು. ನಾನು ಆ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಅಕ್ಷರ ದುಂಡಗಿದ್ದುದಕ್ಕೆ ಎಂಬಂತೆ 1 ಅಂಕ ಕೊಟ್ಟೆ.

ಉತ್ತರಪತ್ರಿಕೆ ಹಂಚಿದ ದಿನ ಅವಳು ಮೇಜಿನ ಬಳಿ ಬಂದು, "ಸರ್, ನಮ್ಮ ಅಜ್ಜಿ ಓದುವ ಕಥೆಯಲ್ಲಿ ಯುದ್ಧ ಆಗುವುದಿಲ್ಲ" ಎಂದಳು. "ಅಜ್ಜಿಯ ಕಥೆ ಮನೆಯಲ್ಲಿರಲಿ, ಪರೀಕ್ಷೆಯಲ್ಲಿ ಪಾಠದಲ್ಲಿದ್ದುದನ್ನು ಬರೆ" ಎಂದೆ. ತರಗತಿ ನಕ್ಕಿತು. ಅವಳು ಮತ್ತೆ ಮಾತನಾಡಲಿಲ್ಲ.

ಆ ಅಜ್ಜಿ ಓದುತ್ತಿದ್ದುದು ಭರತೇಶ ವೈಭವವನ್ನು ಎಂಬುದು ನನಗೆ ಹೊಳೆಯಬೇಕಿತ್ತು. ಕಾಲೇಜಿನಲ್ಲಿ ಅದರ ಕೆಲವು ಪದ್ಯಗಳನ್ನು ನಾನೂ ಓದಿದ್ದವನೇ. ಆದರೆ ಪರೀಕ್ಷೆಗೆ ಬೇಕಾದಷ್ಟನ್ನು ಓದಿ ಬಿಟ್ಟವನಿಗೆ ಕಾವ್ಯದ ನಡುವೆ ಏನಿದೆ ಎಂಬುದು ತಿಳಿಯುವುದಾದರೂ ಹೇಗೆ? ನಿವೃತ್ತಿಯಾದ ಮೇಲೆ ಒಂದು ಮಳೆಗಾಲವೆಲ್ಲ ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಬಾಹುಬಲಿಯ ಭಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಬೇಕಾಯಿತು. ಹುಡುಗಿ ಸರಿಯಾಗಿಯೇ ಬರೆದಿದ್ದಳು.

ಮೊದಲು ಕಥೆಯ ಮೂಲವನ್ನು ಸ್ವಲ್ಪ ನೋಡೋಣ. ಆದಿತೀರ್ಥಂಕರ ವೃಷಭನಾಥನ ಹಿರಿಯ ಮಗ ಭರತ, ಅಯೋಧ್ಯೆಯ ಅರಸು. ಬಾಹುಬಲಿ ಪೌದನಪುರದ ಅರಸು. ಭರತನು ದಿಗ್ವಿಜಯ ಮುಗಿಸಿ ಹಿಂದಿರುಗಿದಾಗ ಚಕ್ರರತ್ನವು ಪಟ್ಟಣವನ್ನು ಪ್ರವೇಶಿಸದೆ ಹೊರಗೆ ನಿಂತಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲ ಎಂಬುದು ಅದರ ಅರ್ಥ. 98 ಮಂದಿ ತಮ್ಮಂದಿರು ತಲೆಬಾಗುವ ಬದಲು ದೀಕ್ಷೆ ತೆಗೆದುಕೊಂಡರು. ಬಾಹುಬಲಿ ಎದುರಾಗಿ ನಿಂತ. 9ನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ ಈ ಕಥೆಯನ್ನು 941ರಲ್ಲಿ ಪಂಪನು ಕನ್ನಡದ ಚಂಪೂಕಾವ್ಯವಾಗಿ ಬರೆದ. ಸೈನ್ಯಗಳು ಸಾಯುವುದು ಬೇಡವೆಂದು ಮಂತ್ರಿಗಳು ಸೂಚಿಸಿದಂತೆ ಅಣ್ಣತಮ್ಮಂದಿರೇ ಮೂರು ಬಗೆಯ ಯುದ್ಧ ಮಾಡಿದರು. ಮೂರರಲ್ಲೂ ಬಾಹುಬಲಿಯೇ ಗೆದ್ದ. ಸೋಲಿನ ಸಿಟ್ಟಿನಲ್ಲಿ ಭರತನು ತಮ್ಮನ ಮೇಲೆ ಚಕ್ರವನ್ನು ಬಿಟ್ಟ. ಅದು ಬಾಹುಬಲಿಯನ್ನು ಸುತ್ತಿ ಬಂದು ಅವನ ಬಳಿಯೇ ನಿಂತಿತು. ಗೆದ್ದವನಿಗೆ ಗೆಲುವೇ ಹೇಸಿಗೆಯಾಗಿ ಅವನು ರಾಜ್ಯವನ್ನು ಅಣ್ಣನಿಗೆ ಬಿಟ್ಟು ತಪಸ್ಸಿಗೆ ನಡೆದ. ನಾನು ಪಾಠ ಮಾಡಿದ್ದು ಈ ಕಥೆಯನ್ನು.

ಈ ಕಥೆ ನಮ್ಮ ಸೀಮೆಯಲ್ಲಿ ಕಲ್ಲಿನಲ್ಲಿಯೇ ನಿಂತಿದೆ. ಕಾರ್ಕಳದ ಗುಡ್ಡದ ಮೇಲಿನ ಬಾಹುಬಲಿಯನ್ನು 1432ರಲ್ಲಿ ವೀರಪಾಂಡ್ಯ ಭೈರರಸನು ಸ್ಥಾಪಿಸಿದನು. ವೇಣೂರಿನಲ್ಲಿ ಫಲ್ಗುಣಿ ನದಿಯ ದಡದ 35 ಅಡಿಯ ಬಾಹುಬಲಿಯನ್ನು 1604ರಲ್ಲಿ ಅಜಿಲ ವಂಶದ ತಿಮ್ಮರಾಜನು ನಿಲ್ಲಿಸಿದನು. ಧರ್ಮಸ್ಥಳದ 39 ಅಡಿಯ ವಿಗ್ರಹ ನಮ್ಮ ಕಣ್ಣೆದುರೇ 1982ರಲ್ಲಿ ಪ್ರತಿಷ್ಠೆಯಾಯಿತು. ಕಾರ್ಕಳದ ವಿಗ್ರಹಕ್ಕೂ ವೇಣೂರಿನ ವಿಗ್ರಹಕ್ಕೂ ನಡುವೆ 172 ವರ್ಷಗಳ ಅಂತರವಿದೆ. ಆ ಅಂತರದಲ್ಲಿ, ಈ ಎರಡು ಊರುಗಳ ನಡುವಿನ ಮೂಡುಬಿದಿರೆಯಲ್ಲಿ ಹುಟ್ಟಿದ ಕವಿಯೊಬ್ಬನು ಯುದ್ಧವೇ ನಡೆಯಲಿಲ್ಲ ಎಂದು ಬರೆದನು. ಅವನೇ ರತ್ನಾಕರ.

ಅವನ ಕಾಲದ ಬಗ್ಗೆ ಗಟ್ಟಿಯಾದ ಒಂದು ಆಧಾರವಿದೆ. ತನ್ನ ತ್ರಿಲೋಕ ಶತಕವನ್ನು ಶಕ ವರ್ಷ 1479, ಎಂದರೆ ಕ್ರಿ.ಶ. 1557ರಲ್ಲಿ ಮುಗಿಸಿದುದಾಗಿ ಅವನು ಹೇಳಿಕೊಂಡಿದ್ದಾನೆ. ರತ್ನಾಕರ ಶತಕ, ಅಪರಾಜಿತೇಶ್ವರ ಶತಕ, ಅಣ್ಣಗಳ ಪದಗಳೆಂದು ಹೆಸರಾದ ಅಧ್ಯಾತ್ಮದ ಹಾಡುಗಳು, ಇವೂ ಅವನವೇ. ಇವೆಲ್ಲಕ್ಕಿಂತ ದೊಡ್ಡದು ಸುಮಾರು 10,000 ಪದ್ಯಗಳ ಭರತೇಶ ವೈಭವ. ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಅರ್ಕಕೀರ್ತಿವಿಜಯ, ಮೋಕ್ಷವಿಜಯ ಎಂದು ಅದರಲ್ಲಿ ಐದು ಭಾಗಗಳಿವೆ.

ಅವನ ಬದುಕಿನ ಬಗ್ಗೆ ನಾವು ಹೇಳಿಕೊಳ್ಳುವ ಕಥೆಗಳೆಲ್ಲ ಬಹುಮಟ್ಟಿಗೆ ಒಂದೇ ಆಕರದಿಂದ ಬಂದವು. ಚಾಮರಾಜನಗರದ ಬಳಿಯ ಮಲೆಯೂರಿನ ದೇವಚಂದ್ರನು 1838ರ ಸುಮಾರಿಗೆ ಬರೆದ ರಾಜಾವಳಿ ಕಥೆಯೇ ಆ ಆಕರ. ಕವಿಗೂ ಅವನ ಕಥೆಯನ್ನು ಬರೆದವನಿಗೂ ನಡುವೆ ಹತ್ತಿರಹತ್ತಿರ 280 ವರ್ಷಗಳಿವೆ. ಆದ್ದರಿಂದ ಇತಿಹಾಸವೆಂದು ಇದನ್ನು ಇಡಿಯಾಗಿ ನಂಬುವಂತಿಲ್ಲ. ಜನಮನಸ್ಸು ಒಬ್ಬ ಕವಿಯನ್ನು ಹೇಗೆ ನೆನಪಿಟ್ಟುಕೊಂಡಿತು ಎಂಬುದಕ್ಕೆ ಮಾತ್ರ ಒಳ್ಳೆಯ ಸಾಕ್ಷಿ.

ದೇವಚಂದ್ರನ ಪ್ರಕಾರ ರತ್ನಾಕರನು ಮೂಡುಬಿದಿರೆಯ ಸೂರ್ಯವಂಶದ ದೇವರಾಜನ ಮಗ. ಚಿಕ್ಕ ವಯಸ್ಸಿನಲ್ಲಿಯೇ ಕಾವ್ಯ, ಅಲಂಕಾರ, ಅಧ್ಯಾತ್ಮಗಳಲ್ಲಿ ಪಳಗಿ ಕಾರ್ಕಳದ ಭೈರರಸನ ಆಸ್ಥಾನ ಸೇರಿದನು. ಅಲ್ಲಿ ಅವನು ಶೃಂಗಾರಕವಿ. ಅರಸನ ಮಗಳು ಅವನನ್ನು ಮೆಚ್ಚಿದಳು. ವಿಷಯ ಹೊರಬೀಳುವ ಭಯದಿಂದ ಕವಿ ಆಸ್ಥಾನ ಬಿಟ್ಟು ಓಡಿಬಂದು ಮೂಡುಬಿದಿರೆಯ ಗುರುಗಳಲ್ಲಿ ವ್ರತ ಸ್ವೀಕರಿಸಿದನು. ಅವನ ಹೆಸರಿನ 'ವರ್ಣಿ' ಎಂಬ ಮಾತಿಗೆ ಬ್ರಹ್ಮಚಾರಿ, ವ್ರತಸ್ಥ ಎಂದೇ ಅರ್ಥ. ಹೀಗೆ ಅವನ ಕೇಳುಗರ ಮೊದಲ ಬಳಗ ರಾಜಾಸ್ಥಾನ, ಎರಡನೆಯ ಬಳಗ ಮಠ.

ಆ ಕಾಲದ ಮೂಡುಬಿದಿರೆ ಎಂಥ ಊರು ಎಂಬುದನ್ನು ತಿಳಿದರೆ ಮುಂದಿನ ಜಗಳ ಅರ್ಥವಾಗುತ್ತದೆ. ನಾವು ಸಾವಿರ ಕಂಬದ ಬಸದಿ ಎನ್ನುವ ತ್ರಿಭುವನತಿಲಕ ಚೂಡಾಮಣಿ ಬಸದಿ 1430ರಲ್ಲಿಯೇ ಎದ್ದು ನಿಂತಿತ್ತು. ಬಸದಿಗಳಷ್ಟೇ ಅಲ್ಲ, ಗ್ರಂಥಗಳೂ ಆ ಊರಿನ ಸಂಪತ್ತು. ವೀರಸೇನಾಚಾರ್ಯರ ಧವಲಾ ಟೀಕೆಯ ಹಳೆಯ ಓಲೆಗರಿಗಳು ಬೇರೆಲ್ಲೂ ಉಳಿಯದೆ ಮೂಡುಬಿದಿರೆಯಲ್ಲಿ ಮಾತ್ರ ಉಳಿದವು. ಅವುಗಳ ಪ್ರತಿಯಿಂದ ಹೀರಾಲಾಲ ಜೈನರು ಅದನ್ನು ಸಂಪಾದಿಸಿ ಮುದ್ರಣಕ್ಕೆ ತಂದದ್ದು 1939ರಿಂದ ಈಚೆಗೆ. ಅದುವರೆಗೆ ಶತಮಾನಗಳ ಕಾಲ ಒಂದೊಂದು ಅಕ್ಷರವನ್ನೂ ಕಾದುಕೊಂಡು ಬಂದವರು ಮೂಡುಬಿದಿರೆಯವರು. ಕಾಯುವವರ ಊರಿನಲ್ಲಿ ಬದಲಾಯಿಸುವ ಕವಿ ಹುಟ್ಟಿದನು ಎಂಬುದೇ ಈ ಕಥೆಯ ತೊಡಕು. ಕಾಯುವವರನ್ನು ನಾವು ಹಗುರಾಗಿ ಕಾಣಬಾರದು. ಅವರು ಅಷ್ಟು ಬಿಗಿಯಾಗಿ ಹಿಡಿಯದಿದ್ದರೆ ಧವಲಾ ನಮಗೆ ಸಿಗುತ್ತಿರಲಿಲ್ಲ.

ರತ್ನಾಕರನು ಕಾವ್ಯ ಮುಗಿಸಿದ ಮೇಲೆ ಅದನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ಕೇಳಿದನಂತೆ. ಇದನ್ನು ಕೇವಲ ಡಂಭಾಚಾರ ಎಂದು ತಿಳಿಯಬೇಡಿ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಕಾವ್ಯ ಉಳಿಯಬೇಕಾದರೆ ಯಾರಾದರೂ ಓಲೆಗರಿಯ ಮೇಲೆ ಕಂಠದಿಂದ ಕೊರೆದು ಪ್ರತಿ ಮಾಡಬೇಕು. ಶ್ರಾವಕರು ಶಾಸ್ತ್ರದಾನವೆಂದು ಪ್ರತಿ ಮಾಡಿಸುತ್ತಿದ್ದರು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ 1,000 ಪ್ರತಿ ಮಾಡಿಸಿದ್ದನ್ನು ನೀವೆಲ್ಲ ಪಾಠದಲ್ಲಿ ಓದಿದ್ದೀರಿ. ಗುರುಪೀಠವು ಒಪ್ಪಿ ಮೆರವಣಿಗೆ ಮಾಡಿಸಿದ ಗ್ರಂಥ ಮನೆಮನೆಗೆ ಸೇರುತ್ತದೆ. ಒಪ್ಪದ ಗ್ರಂಥಕ್ಕೆ ಪ್ರತಿ ಮಾಡಿಸುವವರು ಸಿಗುವುದು ಕಷ್ಟ.

ಭಟ್ಟಾರಕರು ಒಪ್ಪಲಿಲ್ಲ. ಎರಡು ಮೂರು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆ ಎಂದರಂತೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಊರಿನ 700 ಶ್ರಾವಕರ ಮನೆಗಳಲ್ಲಿ ಅವನಿಗೆ ಭಿಕ್ಷೆ ಹಾಕಕೂಡದೆಂದು ಕಟ್ಟಪ್ಪಣೆಯಾಯಿತು. ಅವನಿಗೆ ಅನ್ನ ಸಿಕ್ಕಿದ್ದು ಸ್ವಂತ ಅಕ್ಕನ ಮನೆಯಲ್ಲಿ ಮಾತ್ರ. ಕೆಲವು ದಿನ ಹಾಗೆ ಕಳೆದು, ಬೇಸತ್ತು, ಅವನು ಜೈನಮತವನ್ನೇ ತೊರೆದು ವೀರಶೈವನಾದನು. ಆ ಮತದ ಗ್ರಂಥಗಳನ್ನೂ ಬರೆದನು. ಆಮೇಲೆ ಮರಳಿ ತನ್ನ ಧರ್ಮಕ್ಕೆ ಬಂದನು ಎಂದು ದೇವಚಂದ್ರ ಹೇಳುತ್ತಾನೆ. ಸೋಮೇಶ್ವರ ಶತಕವನ್ನೂ ಅವನ ಹೆಸರಿಗೆ ಕಟ್ಟಲಾಗಿದೆ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ.

ಈ ಕಥೆಯಲ್ಲಿ ಎಷ್ಟು ನಿಜ, ಎಷ್ಟು ಕಟ್ಟುಕಥೆ ಎಂಬ ಚರ್ಚೆ ವಿದ್ವಾಂಸರಿಗಿರಲಿ. ನನ್ನ ಮನಸ್ಸು ನಿಲ್ಲುವುದು ಆ ಅಕ್ಕನ ಮನೆಯ ಅನ್ನದ ಬಳಿ. ಕಥೆಯೊಂದನ್ನು ಬೇರೆ ರೀತಿ ಹೇಳಿದವನಿಗೆ ಒಂದು ಊರು ಅನ್ನ ಕೊಡದೆ ಇರಬಹುದು ಎಂದು ಜನ ನಂಬಿದ್ದರಲ್ಲ! ಹಾಗಾದರೆ ಕಥೆ ಎಂಬುದು ಅವರಿಗೆ ಎಷ್ಟು ಗಂಭೀರವಾದ ವಸ್ತುವಾಗಿತ್ತು! ನಾನು ಕೆಂಪು ಶಾಯಿಯಿಂದ ಮಾಡಿದ್ದು ಅದರ ಒಂದು ಪುಟ್ಟ ನಕಲು ಅಷ್ಟೇ.

ಇನ್ನು ಅವನು ಕಥೆಯನ್ನು ಏಕೆ ಬದಲಿಸಿದ ಎಂಬ ಪ್ರಶ್ನೆ. ನನಗೆ ತೋಚುವ ಉತ್ತರ ಸರಳವಾದುದು. ರತ್ನಾಕರನಿಗೆ ಭರತನ ಮೇಲೆ ಅಪಾರವಾದ ಪ್ರೀತಿ. ಪಂಪನ ಕಾವ್ಯದ ನಾಯಕ ಯಾರೇ ಇರಲಿ, ಆ ಪ್ರಸಂಗದ ಮಟ್ಟಿಗೆ ಓದುಗನ ಹೃದಯ ಗೆಲ್ಲುವವನು ಬಾಹುಬಲಿ. ಭರತನು ಸೋತು, ಸಿಟ್ಟಾಗಿ, ನಿರಾಯುಧನಾದ ತಮ್ಮನ ಮೇಲೆ ಚಕ್ರ ಬಿಟ್ಟು, ಸಣ್ಣವನಾಗಿ ಕಾಣುತ್ತಾನೆ. ರತ್ನಾಕರನ ಭರತ ಬೇರೆ. ಅವನು ಅರಮನೆಯಲ್ಲಿದ್ದೂ ಯೋಗಿ. ಕಾವ್ಯ ಆರಂಭವಾಗುವುದೇ ಅವನ ದಿನಚರಿಯಿಂದ: ಒಡ್ಡೋಲಗ, ಸಂಗೀತ, ಮುನಿಗಳಿಗೆ ಆಹಾರದಾನ, ಆಮೇಲೆ ತನ್ನ ಊಟ, ರಾಣಿಯರೊಡನೆ ಸರಸಸಲ್ಲಾಪ, ಇವೆಲ್ಲದರ ನಡುವೆ ಕಣ್ಣು ಮುಚ್ಚಿದರೆ ಆತ್ಮಧ್ಯಾನ. ಸಂಸಾರದಲ್ಲಿದ್ದು ಅಂಟಿಕೊಳ್ಳದವನು ಎಂದು ಸಾವಿರಾರು ಪದ್ಯಗಳಲ್ಲಿ ಕಟ್ಟಿ ನಿಲ್ಲಿಸಿದ ಇಂಥ ವ್ಯಕ್ತಿ ಒಂದು ಸೋಲಿಗೆ ಸಿಟ್ಟಾಗಿ ತಮ್ಮನನ್ನು ಕೊಲ್ಲಹೊರಡುತ್ತಾನೆಯೇ? ಹೊರಟರೆ ಅಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಆದ್ದರಿಂದ ಇಲ್ಲಿ ಅಣ್ಣನು ಯುದ್ಧಭೂಮಿಯಲ್ಲಿ ಮಾತಿನಿಂದ, ಮಮತೆಯಿಂದ ತಮ್ಮನನ್ನು ಗೆಲ್ಲುತ್ತಾನೆ. ಚಕ್ರವು ತಮ್ಮನ ಕೊರಳಿಗೆ ಗುರಿಯಿಟ್ಟ ಆಯುಧವಾಗುವುದಿಲ್ಲ. ಬಾಹುಬಲಿ ಪಶ್ಚಾತ್ತಾಪಪಟ್ಟು ದೀಕ್ಷೆಗೆ ಹೊರಡುತ್ತಾನೆ.

ಇದರಿಂದ ನಷ್ಟವೇನೂ ಆಗಿಲ್ಲವೆಂದು ನಾನು ಹೇಳಲಾರೆ. ಗೆದ್ದು ಬಿಟ್ಟುಕೊಡುವ ಪಂಪನ ಬಾಹುಬಲಿಯ ಎತ್ತರ ರತ್ನಾಕರನ ಬಾಹುಬಲಿಗೆ ಇಲ್ಲ. ಅಣ್ಣನನ್ನು ಎತ್ತರಿಸಹೋಗಿ ಕವಿ ತಮ್ಮನನ್ನು ತುಸು ತಗ್ಗಿಸಿದ್ದಾನೆ. ಇಂದಿಗೂ ನನಗೆ ಮೆಚ್ಚುಗೆಯಾಗುವುದು ಪಂಪನ ಪ್ರಸಂಗವೇ. ಆದರೆ ಬದಲಾವಣೆ ಅಜ್ಞಾನದಿಂದ ಆದುದಲ್ಲ, ಅಸಡ್ಡೆಯಿಂದ ಆದುದೂ ಅಲ್ಲ. ಮೂಲವನ್ನು ಚೆನ್ನಾಗಿ ಬಲ್ಲವನೊಬ್ಬನು, ತನಗೆ ಪ್ರಿಯವಾದ ಪಾತ್ರಕ್ಕೆ ಅನ್ಯಾಯವಾಗಿದೆ ಎಂದು ಭಾವಿಸಿ, ತನ್ನ ಜೀವಮಾನದ ಶ್ರಮವನ್ನು ಅದಕ್ಕೆ ಸುರಿದಿದ್ದಾನೆ.

ಪಂಪನಿಂದ ದೂರ ಸರಿದದ್ದು ಕಥೆಯಲ್ಲಿ ಮಾತ್ರವಲ್ಲ, ಧಾಟಿಯಲ್ಲೂ ಹೌದು. ಪಂಪನ ಚಂಪೂಕಾವ್ಯವನ್ನು ಸವಿಯಲು ಪಾಂಡಿತ್ಯ ಬೇಕು. ರತ್ನಾಕರನು ಆರಿಸಿಕೊಂಡದ್ದು ಸಾಂಗತ್ಯವನ್ನು. ಅದು ಹಾಡಿಗೆ ಒದಗುವ ದೇಶೀಯ ಛಂದಸ್ಸು. ಅಕ್ಷರ ಬಲ್ಲ ಒಬ್ಬರು ಓದಿದರೆ ಮನೆಯವರೆಲ್ಲ ಕೇಳಬಹುದು. ಕಾವ್ಯದ ಆರಂಭದಲ್ಲಿ ಅವನ ಒಂದು ಆಸೆಯಿದೆ. ಕನ್ನಡಿಗರು, ತೆಲುಗರು, ತುಳುವರು ಮೂವರೂ ತಮ್ಮ ತಮ್ಮ ಭಾಷೆಯಲ್ಲಿ ಭೇಷ್ ಎನ್ನುತ್ತಾ ಮೈಯುಬ್ಬಿ ಇದನ್ನು ಕೇಳಬೇಕಂತೆ! ತುಳುವರ ಮೆಚ್ಚುಗೆಯ ಮಾತನ್ನು ಅವನು ತುಳುವಿನಲ್ಲಿಯೇ ಹಾಕಿದ್ದಾನೆ. 16ನೆಯ ಶತಮಾನದ ಕನ್ನಡ ಕಾವ್ಯದೊಳಗೆ ನಮ್ಮ ಮನೆಮಾತನ್ನು ಕಂಡಾಗ ನನಗಾದ ಸಂತೋಷವನ್ನು ತುಳುವರಾದ ನೀವು ಊಹಿಸಬಲ್ಲಿರಿ. ಆಸ್ಥಾನವನ್ನು ಬಿಟ್ಟವನಿಗೆ, ಮಠ ಒಪ್ಪದವನಿಗೆ ಕೊನೆಗೆ ದೊರೆತ ಬಳಗ ಇದೇ: ಹಜಾರದಲ್ಲಿ, ದೀಪದ ಬೆಳಕಿನಲ್ಲಿ ಕುಳಿತು ಕೇಳುವ ಸಂಸಾರಸ್ಥರು. ನನ್ನ ವಿದ್ಯಾರ್ಥಿನಿಯ ಅಜ್ಜಿ ಆ ಬಳಗದ ಕೊನೆಯ ತಲೆಮಾರಿನವರು.

ಯಾರು ತಡೆದರೂ ಕಾವ್ಯ ಸಾಯಲಿಲ್ಲ. ಓಲೆಗರಿಯ ಪ್ರತಿಗಳು ಉಳಿದವು. 20ನೆಯ ಶತಮಾನದ ಮೊದಲರ್ಧದಲ್ಲಿ ಮಂಗಳೂರಿನ ಉಗ್ರಾಣ ಮಂಗೇಶರಾಯರು ಅದನ್ನು ಸಂಪಾದಿಸಿ ಅಚ್ಚಿಗೆ ತಂದರು. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಅನುವಾದದಿಂದ ಅದು ಹಿಂದಿಯ ಓದುಗರಿಗೂ ತಲುಪಿತು. 2003ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಜೈನಸಾಹಿತ್ಯದ ವಿದುಷಿ ಕಮಲಾ ಹಂಪನಾ. ಅಂದಿನ ಜನಸಂದಣಿಯಲ್ಲಿ ಕವಿಯ ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಆನೆಯ ಮೆರವಣಿಗೆಗೆ ಆಸೆಪಟ್ಟವನಿಗೆ ಊರು ನಾಲ್ಕೂವರೆ ಶತಮಾನ ತಡವಾಗಿ ಗೌರವ ಸಲ್ಲಿಸಿತು ಎಂದುಕೊಂಡೆ.

ಹೇಳಿದ ಕಥೆಯನ್ನೇ ಬೇರೆ ರೀತಿ ಹೇಳುವ ಗುಣ ರತ್ನಾಕರನೊಬ್ಬನದೇ ಎಂದು ತಿಳಿಯಬಾರದು. ಅದು ಈ ಮಣ್ಣಿನಲ್ಲಿಯೇ ಇದೆ. ಬಾಹುಬಲಿಯ ಇದೇ ವಿಗ್ರಹಗಳ ಬಗ್ಗೆ ತುಳು ಪಾಡ್ದನ ಹೇಳುವ ಕಥೆಯನ್ನು ನೋಡಿ. ಅದಕ್ಕೆ ಭರತನೂ ಬೇಡ, ಬಾಹುಬಲಿಯೂ ಬೇಡ. ಕಲ್ಲು ಕೆತ್ತಿದ ಕಲ್ಕುಡ ಬೇಕು. ಕಾರ್ಕಳದ ವಿಗ್ರಹವನ್ನು ಕೆತ್ತಿ ಮುಗಿಸಿದ ಬೀರ ಕಲ್ಕುಡನಿಗೆ, ಇಂಥದು ಇನ್ನೊಂದು ಆಗಬಾರದೆಂದು ಅರಸನು ಒಂದು ಕೈ, ಒಂದು ಕಾಲು ಕಡಿಸಿದನಂತೆ. ಅವನು ಉಳಿದ ಒಂದೇ ಕೈ, ಒಂದೇ ಕಾಲಿನಿಂದ ವೇಣೂರಿಗೆ ಹೋಗಿ ಮತ್ತೊಂದು ವಿಗ್ರಹ ಕೆತ್ತಿದನಂತೆ. ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾದರು. ಎರಡು ವಿಗ್ರಹಗಳ ನಡುವೆ 172 ವರ್ಷಗಳಿರುವಾಗ ಇದು ಸಾಧ್ಯವೇ ಎಂದು ಇತಿಹಾಸದ ಅಧ್ಯಾಪಕರು ಕೇಳಬಹುದು. ಸಾಧ್ಯವಿಲ್ಲ. ಆದರೆ ಅರಸರ ಹೆಸರನ್ನು ಮಾತ್ರ ಬರೆದಿಟ್ಟ ಶಾಸನಗಳು ಕೈಬಿಟ್ಟ ಶಿಲ್ಪಿಯನ್ನು ನೆನಪಿಟ್ಟುಕೊಂಡವರು ಗದ್ದೆಯಲ್ಲಿ ನೇಜಿ ನೆಡುತ್ತಾ ಪಾಡ್ದನ ಹಾಡಿದ ಹೆಂಗಸರು.

ಮಂಗಳೂರಿನ ಬಳಿಯ ಕೋಟೆಕಾರಿನ ಅಡ್ಕದಲ್ಲಿ 1935ರಲ್ಲಿ ಹುಟ್ಟಿದ ಅಮೃತ ಸೋಮೇಶ್ವರರು ಆ ಕಲ್ಕುಡನ ಕಥೆಯನ್ನು ಎತ್ತಿಕೊಂಡು ಯಕ್ಷಗಾನ ಪ್ರಸಂಗವಾಗಿ ಬರೆದರು. 2024ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಪಾಡ್ದನ ಕೇಳಿ ಬೆಳೆದವರು ಒಂದು ಬಳಗ, ರಾತ್ರಿಯಿಡೀ ಆಟ ನೋಡುವವರು ಇನ್ನೊಂದು ಬಳಗ, ಪುಸ್ತಕ ಓದುವವರು ಮತ್ತೊಂದು. ಒಂದೇ ಕಥೆ ಮೂರೂ ಕಡೆ ಹೋಗಬೇಕಾದರೆ ಪ್ರತಿಸಲವೂ ಅದಕ್ಕೆ ಹೊಸ ಅಂಗಿ ಹೊಲಿಯಬೇಕು. ಇದಕ್ಕೂ ಮೊದಲು, 1887ರಲ್ಲಿ, ಬಾಯಾರು ಸಂಕಯ್ಯ ಭಾಗವತರು ಪಾರ್ತಿಸುಬ್ಬನ ಪಂಚವಟಿ ಪ್ರಸಂಗವನ್ನು ತುಳುವಿಗೆ ತಂದಿದ್ದರು.

ತಾಳಮದ್ದಲೆಯ ಮಾತನ್ನಂತೂ ಹೇಳಲೇಬೇಕು. ಭಾಗವತರು ಹಾಡುವ ಪದ್ಯ ಅದೇ. ಅರ್ಥ ಹೇಳುವವನ ಮಾತು ಮಾತ್ರ ಪ್ರತಿ ರಾತ್ರಿಯೂ ಹೊಸತು. ಬಂಟ್ವಾಳ ತಾಲೂಕಿನ ಪೊಳಲಿ ಶಂಕರನಾರಾಯಣ ಶಾಸ್ತ್ರಿಗಳಂತಹ ಅರ್ಥಧಾರಿಗಳು ಬೆಳೆಸಿದ ಕಲೆ ಇದು. ಪದ್ಯದಲ್ಲಿ ಕೌರವನು ಸೋಲಲೇಬೇಕು, ಆದರೆ ಸೋಲುವ ಮೊದಲು ತನ್ನ ಪಕ್ಷವನ್ನು ಎಷ್ಟು ಚೆನ್ನಾಗಿ ವಾದಿಸಬಹುದೋ ಅಷ್ಟು ವಾದಿಸಲು ಅವನಿಗೆ ಅವಕಾಶವಿದೆ. ಮನೆಗೆ ನಡೆದುಬರುವಾಗ 'ಇವತ್ತು ಕೌರವನದೇ ಸರಿ ಅನ್ನಿಸಿತು' ಎಂದು ಮಾತನಾಡಿಕೊಂಡು ಬಂದವರು ನಾವೇ ಅಲ್ಲವೇ? ಹಾಗೆ ಮಾತನಾಡಿದವನೇ ಮರುದಿನ ತರಗತಿಯಲ್ಲಿ ಒಂದು ಹುಡುಗಿಯ ಉತ್ತರಕ್ಕೆ ಅಡ್ಡಗೆರೆ ಎಳೆದನು.

2024ರ ಫೆಬ್ರವರಿ ಕೊನೆಯಲ್ಲಿ ವೇಣೂರಿನಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅಟ್ಟಳಿಗೆ ಹತ್ತುವ ಶಕ್ತಿ ನನ್ನ ಮೊಣಕಾಲುಗಳಿಗಿಲ್ಲ. ಕೆಳಗೆ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ತಲೆ ನರೆತ ಹೆಂಗಸೊಬ್ಬರು ಬಂದು ಕಾಲು ಮುಟ್ಟಿ, "ಸರ್, ಗುರುತು ಸಿಕ್ಕಿತೇ?" ಎಂದರು. ಧ್ವನಿಯಿಂದ ಗುರುತು ಸಿಕ್ಕಿತು. ಅವಳೇ. ಕುಶಲ ಕೇಳಿದ ಮೇಲೆ ನಾನಾಗಿಯೇ ಆ ಉತ್ತರದ ಮಾತು ತೆಗೆದು, "ತಪ್ಪು ನನ್ನದು. ನೀನು ಬರೆದದ್ದು ರತ್ನಾಕರವರ್ಣಿಯ ಕಥೆ. ಅದನ್ನು ಅಂದೇ ನಾನು ಹೇಳಬೇಕಿತ್ತು" ಎಂದೆ. ಅವಳು ನಕ್ಕು, "ನನಗೆ ಮರೆತೇಹೋಗಿತ್ತು ಸರ್" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರೆತಿಲ್ಲ ಸರ್. ಆ ದಿನ ಮನೆಗೆ ಹೋಗಿ ಅಜ್ಜಿಯ ಹತ್ತಿರ, ನಿಮ್ಮ ಕಥೆ ತಪ್ಪಂತೆ ಎಂದೆ. ಅಜ್ಜಿ ಏನೂ ಹೇಳಲಿಲ್ಲ. ಆಮೇಲೆ ನಾನು ಅವರ ಹತ್ತಿರ ಕುಳಿತು ಕೇಳುವುದನ್ನು ಬಿಟ್ಟೆ" ಎಂದಳು.

ನನ್ನ 3 ಅಂಕಗಳ ಬೆಲೆ ಎಷ್ಟೆಂದು ನನಗೆ ಅಂದು ತಿಳಿಯಿತು.

ಅವಳೇ ಮಾತು ಬದಲಿಸಿದಳು. ಅವಳ ಮೊಮ್ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳಂತೆ. ತನಗೆ ಪ್ರಿಯವಾದ ಕಾದಂಬರಿಗಳ ಪಾತ್ರಗಳನ್ನೇ ಇಟ್ಟುಕೊಂಡು, ಅವರ ಮುಂದಿನ ಕಥೆಯನ್ನು, ನಡೆಯದೆ ಹೋದ ಕಥೆಯನ್ನು ತಾನೇ ಬರೆಯುತ್ತಾಳಂತೆ. ಅದಕ್ಕೆ ಫ್ಯಾನ್ ಫಿಕ್ಷನ್ ಎಂದು ಹೆಸರಂತೆ. ಓದುವ ಗೆಳೆಯರ ಗುಂಪು ಎರಡು ಮೂರು ವರ್ಷಕ್ಕೊಮ್ಮೆ ಚದುರುತ್ತದೆ; ಇವಳು ಹೊಸ ಗುಂಪು ಹುಡುಕಿಕೊಂಡು ಹೋಗುತ್ತಾಳೆ; ಪಾತ್ರಗಳು ಮಾತ್ರ ಅವೇ. "ಬೇರೆಯವರ ಪಾತ್ರ ತೆಗೆದುಕೊಂಡು ಬರೆಯುವುದು ಸರಿಯೇ ಸರ್? ಸಮಯ ಹಾಳಲ್ಲವೇ?" ಎಂದು ಕೇಳಿದಳು.

ಪುರಾಣಕಥೆ ಎಲ್ಲರ ಸೊತ್ತು; ಈಗಿನ ಕಾದಂಬರಿಗೆ ಒಡೆಯರಿದ್ದಾರೆ. ಆದ್ದರಿಂದ ಮೂಲ ಯಾರದೆಂದು ಹೇಳಬೇಕು, ಅದನ್ನು ತನ್ನದೆನ್ನಬಾರದು, ಮಾರಿ ಹಣ ಮಾಡಬಾರದು. ಇಷ್ಟು ಹೇಳಿ, "ಉಳಿದಂತೆ ಬರೆಯಲಿ. ಅವಳು ಬರೆದದ್ದನ್ನು ನೀನು ಒಮ್ಮೆ ಓದು. ಏಕೆ ಹಾಗೆ ಬದಲಿಸಿದೆ ಎಂದು ಅವಳನ್ನೇ ಕೇಳು. ಗೆರೆ ಮಾತ್ರ ಎಳೆಯಬೇಡ" ಎಂದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರು, ಇನ್ನು ಹಲವರು ಅಜ್ಜ-ಅಜ್ಜಿಯರು. ಮಕ್ಕಳು ಕಥೆಯನ್ನು ತಪ್ಪಾಗಿ ಹೇಳಿದಂತೆ ತೋರಿದರೆ, ಅದು ಮರೆವಿನಿಂದ ಆದ ತಪ್ಪೋ, ಬೇರೊಂದು ಪಾಠವೋ, ಅಥವಾ ಪ್ರೀತಿಯಿಂದ ಮಾಡಿದ ಬದಲಾವಣೆಯೋ ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಕಥೆ ಪುಸ್ತಕದಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ತಿದ್ದಲು ಹೋಗಬೇಡಿ. ಹೇಳಿದ ಹಾಗೆಯೇ, ಅವರ ಹೆಸರು ಮತ್ತು ಊರಿನೊಡನೆ ಬರೆದಿಡಿ. ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿದ್ದರೆ ಎಸೆಯದೆ ಬಲ್ಲವರಿಗೆ ತೋರಿಸಿ. ಆ ಅಜ್ಜಿ ಹೇಗೆ ಓದುತ್ತಿದ್ದರು, ಯಾವ ರಾಗದಲ್ಲಿ ಹಾಡುತ್ತಿದ್ದರು ಎಂದು ಕೇಳಲು ಇಂದು ಅವರಿಲ್ಲ. ಕೇಳಬೇಕಾಗಿದ್ದ ಕಾಲದಲ್ಲಿ ನಾನು ಕೇಳಲಿಲ್ಲ. ನೀವು ಕೇಳಿ.